ಖಾತೆಗೆ ಬಂದ ಹಣ, ಖಾತೆಯಲ್ಲಿ ನಿಲ್ಲುವ ಹಣ: ಹಳೆಯ ಕಾರು ಮಾರುವವರ ಪಾವತಿ ಸಮಸ್ಯೆ

ಬಳಸಿದ ಕಾರನ್ನು ಮಧ್ಯವರ್ತಿಯಿಲ್ಲದೆ ನೇರವಾಗಿ ಮಾರುವುದೆಂದರೆ, ಒಬ್ಬರಿಗೊಬ್ಬರು ಪರಿಚಯವಿಲ್ಲದ ಇಬ್ಬರು ಒಂದೆರಡು ಸಲ ಭೇಟಿಯಾಗಿ, ದೊಡ್ಡ ಮೊತ್ತವೊಂದರ ವ್ಯವಹಾರ ಮುಗಿಸಿ, ಮತ್ತೆಂದೂ ಮುಖ ನೋಡದೆ ಬೇರೆಯಾಗುವುದು. ಡೀಲರಿಗೆ ಇರುವ ಬಿಲ್ಲಿನ ವ್ಯವಸ್ಥೆಯಾಗಲಿ, ಬ್ಯಾಂಕಿನ ಒಡನಾಟವಾಗಲಿ, ವಕೀಲರ ಬೆಂಬಲವಾಗಲಿ ಮನೆಯ ಕಾರನ್ನು ಮಾರಹೊರಟವರಿಗೆ ಇರುವುದಿಲ್ಲ. ಆದರೂ ಈ ವಿಷಯದಲ್ಲಿ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಕೊಳ್ಳುವವರನ್ನು ಉದ್ದೇಶಿಸಿದವು: ಎಂಜಿನ್ ಹೇಗಿದೆ, ಅಪಘಾತವಾಗಿತ್ತೇ, ಮೀಟರನ್ನು ಹಿಂದಕ್ಕೆ ತಿರುಗಿಸಿದ್ದಾರೆಯೇ ಎಂಬ ಪ್ರಶ್ನೆಗಳ ಸುತ್ತಲೇ ಅವು ಸುತ್ತುತ್ತವೆ. ಮಾರುವವರ ಆತಂಕ ಅಷ್ಟು ಕವಲುಗಳುಳ್ಳದ್ದಲ್ಲ. ಅವರಿಗಿರುವುದು ಒಂದೇ ಚಿಂತೆ, ಹಣದ್ದು. ಅದರಲ್ಲಿ ಎಡವಿದರೆ ಕಾರೂ ಹೋಗುತ್ತದೆ, ಹಣವೂ ಹೋಗುತ್ತದೆ.

ಈ ಅಪಾಯದ ಸ್ವರೂಪ ಕಳೆದ ಹದಿನೈದಿಪ್ಪತ್ತು ವರ್ಷಗಳಲ್ಲಿ ಬದಲಾಗಿದೆ. ಬ್ರಿಟನ್ನಿನಲ್ಲಿ 2008ರಲ್ಲಿ ಫಾಸ್ಟರ್ ಪೇಮೆಂಟ್ಸ್, ಭಾರತದಲ್ಲಿ 2010ರಲ್ಲಿ ಐಎಂಪಿಎಸ್ ಮತ್ತು 2016ರಲ್ಲಿ ಯುಪಿಐ, ಯುರೋಪಿನಲ್ಲಿ 2017ರಲ್ಲಿ ಸೆಪಾ ತ್ವರಿತ ವರ್ಗಾವಣೆ, ಅಮೆರಿಕದಲ್ಲಿ 2023ರಲ್ಲಿ ಫೆಡ್‌ನೌ ಹೀಗೆ ಒಂದರ ಹಿಂದೊಂದು ಬಂದ ವ್ಯವಸ್ಥೆಗಳು ದಿನಗಟ್ಟಲೆ ಕಾಯಬೇಕಾಗಿದ್ದ ಹಣ ವರ್ಗಾವಣೆಯ ಕೆಲಸವನ್ನು ಕೆಲವೇ ಸೆಕೆಂಡುಗಳಿಗೆ ಇಳಿಸಿದವು. ಚೆಕ್ ವಾಪಸಾಗುವ ಹಳೆಯ ಭಯ ಇದರಿಂದ ಕಡಿಮೆಯಾಯಿತು ಎಂಬುದು ನಿಜ. ಆದರೆ ಅದರ ಜಾಗದಲ್ಲಿ ಎರಡು ಹೊಸ ತೊಡಕುಗಳು ಬಂದು ಕುಳಿತಿವೆ. ಹಣ ಬಂದಂತೆ ತೋರಿಸಿ ವಾಸ್ತವದಲ್ಲಿ ಕಳುಹಿಸದೇ ಇರುವುದು ಮೊದಲನೆಯದು. ಎರಡನೆಯದು ಇನ್ನೂ ಸೂಕ್ಷ್ಮವಾದದ್ದು: ಹಣ ನಿಜವಾಗಿಯೇ ಬಂದಿರುತ್ತದೆ, ಆದರೆ ಅದು ಕೊಳ್ಳುವವನದಾಗಿರುವುದಿಲ್ಲ. ಹೀಗಾಗಿ ಮಾರುವವರು ‘ಹಣ ಬಂತೇ?’ ಎಂದು ಕೇಳಿಕೊಂಡರೆ ಸಾಲದು. ‘ಬಂದ ಹಣ ಹಿಂದಕ್ಕೆ ಹೋಗಬಹುದೇ?’ ಮತ್ತು ‘ಇದು ಯಾರ ಹಣ?’ ಎಂಬ ಇನ್ನೆರಡು ಪ್ರಶ್ನೆಗಳಿಗೂ ಉತ್ತರ ಕಂಡುಕೊಳ್ಳಬೇಕು.

ಜಮೆಯಾಗುವುದೂ ಇತ್ಯರ್ಥವಾಗುವುದೂ ಒಂದೇ ಅಲ್ಲ

ಖಾತೆಯ ಬಾಕಿಯಲ್ಲಿ ಅಂಕಿಯೊಂದು ಕಾಣಿಸಿಕೊಂಡ ಕೂಡಲೇ ಆ ಹಣ ತಮ್ಮದಾಯಿತು ಎಂದು ಹೆಚ್ಚಿನವರು ಭಾವಿಸುತ್ತಾರೆ. ಚೆಕ್ಕಿನ ವಿಷಯದಲ್ಲಿ ಇದು ತಪ್ಪು. ಚೆಕ್ಕನ್ನು ಪಡೆದ ಬ್ಯಾಂಕು ಅದನ್ನು ಕೊಟ್ಟ ಬ್ಯಾಂಕಿಗೆ ಕಳುಹಿಸಿ, ಅಲ್ಲಿ ಸಹಿ, ಶಿಲ್ಕು, ಚೆಕ್ಕಿನ ಅಸಲಿಯತ್ತು ಎಲ್ಲವೂ ಸರಿಯೆಂದು ಖಚಿತವಾದ ಮೇಲೆಯೇ ವ್ಯವಹಾರ ಇತ್ಯರ್ಥವಾಗುವುದು. ಅದಕ್ಕೂ ಮುನ್ನ ಗ್ರಾಹಕರ ಅನುಕೂಲಕ್ಕಾಗಿ ಬ್ಯಾಂಕು ಹಣವನ್ನು ತಾತ್ಕಾಲಿಕವಾಗಿ ಬಳಕೆಗೆ ಬಿಡಬಹುದು, ಕೆಲವೊಮ್ಮೆ ಕಾನೂನೇ ಹಾಗೆ ಬಿಡುವಂತೆ ಹೇಳುತ್ತದೆ. ಅಮೆರಿಕದ ಉದಾಹರಣೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಅಲ್ಲಿ 1987ರ ಕಾಯ್ದೆಯೊಂದರ ಪ್ರಕಾರ ಬ್ಯಾಂಕುಗಳೇ ನೀಡುವ ಕ್ಯಾಷಿಯರ್ಸ್ ಚೆಕ್ಕಿನ ಹಣವನ್ನು ಸಾಮಾನ್ಯವಾಗಿ ಮಾರನೆಯ ಕೆಲಸದ ದಿನವೇ ಗ್ರಾಹಕರಿಗೆ ಸಿಗುವಂತೆ ಮಾಡಬೇಕು. ಆದರೆ ಆ ಚೆಕ್ಕು ನಕಲಿಯೆಂದು ಪತ್ತೆಯಾಗುವುದಕ್ಕೆ ವಾರಗಳೇ ಹಿಡಿಯಬಹುದು. ಪತ್ತೆಯಾದ ದಿನ ಬ್ಯಾಂಕು ಆ ಮೊತ್ತವನ್ನು ಖಾತೆಯಿಂದ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಕಾರು ಎಲ್ಲಿಗೆ ತಲುಪಿರುತ್ತದೆಂದು ಹೇಳುವವರು ಯಾರು? ಗ್ರಾಹಕರಿಗೆ ಬೇಗ ಹಣ ಸಿಗಲೆಂದು ಮಾಡಿದ ನಿಯಮವನ್ನೇ ಮೋಸಗಾರರು ತಮ್ಮ ಅನುಕೂಲಕ್ಕೆ ಬಳಸಿಕೊಂಡದ್ದು ಹೀಗೆ.

ಬ್ಯಾಂಕಿನ ಹೆಸರಿರುವ ಕಾಗದವೆಂಬ ಕಾರಣಕ್ಕೆ ಡಿಮ್ಯಾಂಡ್ ಡ್ರಾಫ್ಟನ್ನು ನಗದಿಗೆ ಸಮನೆಂದು ನಂಬುವ ಅಭ್ಯಾಸವೂ ಇದೇ ಬಗೆಯದು. ಅಸಲಿ ಡಿಡಿ ಸುರಕ್ಷಿತ ಎಂಬುದರಲ್ಲಿ ಸಂಶಯವಿಲ್ಲ, ಏಕೆಂದರೆ ಅದರ ಹಣವನ್ನು ಬ್ಯಾಂಕು ಮೊದಲೇ ಪಡೆದಿರುತ್ತದೆ. ತೊಂದರೆಯಿರುವುದು ಕೈಯಲ್ಲಿರುವ ಡಿಡಿ ಅಸಲಿಯೇ ಎಂದು ಸಂಜೆ ಆರು ಗಂಟೆಗೆ ಮನೆಯಂಗಳದಲ್ಲಿ ನಿಂತು ಹೇಳಲಾಗದೇ ಇರುವುದರಲ್ಲಿ. ಭಾರತದಲ್ಲಿ 2018ರ ಸೆಪ್ಟೆಂಬರ್ 15ರಿಂದ ಡಿಡಿಯ ಮುಖಪುಟದಲ್ಲೇ ಅದನ್ನು ಖರೀದಿಸಿದವರ ಹೆಸರೂ ಇರಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಆದುದರಿಂದ ಆ ಹೆಸರು ಎದುರಿಗಿರುವ ವ್ಯಕ್ತಿಯ ಗುರುತಿನ ಚೀಟಿಗೆ ಹೊಂದುತ್ತದೆಯೇ ಎಂದು ನೋಡುವುದು ಕನಿಷ್ಠ ಪರೀಕ್ಷೆ. ನಿಜವಾದ ಪರೀಕ್ಷೆ ಬೇರೆ. ಕೊಳ್ಳುವವರ ಜೊತೆ ಅವರ ಬ್ಯಾಂಕ್ ಶಾಖೆಗೇ ಹೋಗಿ, ಕೌಂಟರಿನ ಒಳಗಿನಿಂದ ಡಿಡಿ ಹೊರಬರುವುದನ್ನು ಕಣ್ಣಾರೆ ಕಾಣುವುದು ಎಲ್ಲಕ್ಕಿಂತ ಒಳ್ಳೆಯದು. ಅದು ಸಾಧ್ಯವಾಗದಿದ್ದರೆ ಶಾಖೆಯ ದೂರವಾಣಿ ಸಂಖ್ಯೆಯನ್ನು ಬ್ಯಾಂಕಿನ ಅಧಿಕೃತ ಮೂಲದಿಂದ ತಾವೇ ಹುಡುಕಿ ವಿಚಾರಿಸಬೇಕೇ ಹೊರತು ಡಿಡಿಯ ಮೇಲೆ ಅಚ್ಚಾಗಿರುವ ಸಂಖ್ಯೆಗೆ ಕರೆ ಮಾಡಬಾರದು. ನಕಲಿ ಡಿಡಿಯನ್ನು ಅಚ್ಚು ಹಾಕಿದವನಿಗೆ ಅದರ ಮೇಲೊಂದು ನಕಲಿ ಸಂಖ್ಯೆಯನ್ನು ಹಾಕುವುದು ಕಷ್ಟವೇನಲ್ಲ.

ಚೆಕ್ ಪಡೆದು ಕಾರು ಕೊಟ್ಟರೆ ಕಾನೂನು ಏನು ಹೇಳುತ್ತದೆ ಎಂಬುದನ್ನು ತಿಳಿಯಲು ಇಂಗ್ಲೆಂಡಿನ ಅಪೀಲು ನ್ಯಾಯಾಲಯ 1971ರಲ್ಲಿ ತೀರ್ಮಾನಿಸಿದ ಮೊಕದ್ದಮೆಯೊಂದನ್ನು ನೋಡಬಹುದು. ರಸಾಯನಶಾಸ್ತ್ರದ ವಿದ್ಯಾರ್ಥಿಯೊಬ್ಬರು ತಮ್ಮ ಆಸ್ಟಿನ್ ಕೂಪರ್ ಕಾರನ್ನು ಮಾರಲು 1969ರಲ್ಲಿ ಜಾಹೀರಾತು ನೀಡಿದ್ದರು. ನೋಡಲು ಬಂದವನು ತಾನು ಟಿವಿಯಲ್ಲಿ ರಾಬಿನ್ ಹುಡ್ ಪಾತ್ರದಿಂದ ಹೆಸರಾದ ನಟನೆಂದು ಹೇಳಿಕೊಂಡು 450 ಪೌಂಡಿಗೆ ಚೆಕ್ ಬರೆದ. ಚೆಕ್ ಪಾಸಾಗುವವರೆಗೆ ಕಾರು ಕೊಡಲು ವಿದ್ಯಾರ್ಥಿ ಹಿಂಜರಿದದ್ದೂ ಉಂಟು, ಗುರುತಿಗೆ ಪುರಾವೆ ಕೇಳಿದ್ದೂ ಉಂಟು. ಅವನು ಚಿತ್ರ ಸ್ಟುಡಿಯೋ ಒಂದರ ಪ್ರವೇಶ ಪತ್ರವನ್ನು, ಅದೂ ಭಾವಚಿತ್ರವಿದ್ದದ್ದನ್ನು, ತೆಗೆದು ತೋರಿಸಿದ. ಕಾರು, ಅದರ ದಾಖಲೆ ಪುಸ್ತಕ ಎರಡೂ ಕೈದಾಟಿದವು. ಚೆಕ್ ಪುಸ್ತಕ ಕದ್ದದ್ದಾಗಿತ್ತು. ಮೋಸಗಾರ ಅದೇ ಕಾರನ್ನು ಏನೂ ಅರಿಯದ ಇನ್ನೊಬ್ಬ ವಿದ್ಯಾರ್ಥಿಗೆ 200 ಪೌಂಡಿಗೆ ಮಾರಿ ಕಣ್ಮರೆಯಾದ. ಲಾರ್ಡ್ ಡೆನಿಂಗ್ ಅವರಿದ್ದ ಪೀಠ ಕೊಟ್ಟ ತೀರ್ಪಿನಂತೆ ಕಾರು ಎರಡನೆಯ ವಿದ್ಯಾರ್ಥಿಗೇ ಉಳಿಯಿತು. ಮೋಸದಿಂದಾದರೂ ಮೊದಲ ಮಾರಾಟ ರದ್ದಾಗುವವರೆಗೆ ಒಪ್ಪಂದವೇ ಆಗಿದ್ದರಿಂದ, ಸದ್ಭಾವನೆಯಿಂದ ಕೊಂಡವನಿಗೆ ಒಡೆತನ ದಾಟಿತೆಂಬುದು ತರ್ಕ. ಭಾರತದ 1930ರ ಸರಕು ಮಾರಾಟ ಕಾಯ್ದೆಯ 29ನೇ ಕಲಮು ಹೇಳುವುದೂ ಇದೇ ತತ್ತ್ವವನ್ನು. ಮೋಸವಾಯಿತೆಂದು ಸಾಬೀತು ಮಾಡಿದರೆ ಕಾರು ತಾನಾಗಿಯೇ ಮರಳಿ ಬರುತ್ತದೆ ಎಂದುಕೊಂಡವರಿಗೆ ಇದು ಕಹಿಯಾದ ಸಂಗತಿ.

ಚೆಕ್ ವಾಪಸಾದರೆ ಕ್ರಿಮಿನಲ್ ಮೊಕದ್ದಮೆ ಹೂಡಲು ಅವಕಾಶವಿದೆಯಲ್ಲ ಎಂಬ ಮಾತೂ ಇದೆ. ಭಾರತದಲ್ಲಿ ವರ್ಗಾವಣೀಯ ಲಿಖಿತಗಳ ಕಾಯ್ದೆಯ 138ನೇ ಕಲಮಿನಡಿ ಎರಡು ವರ್ಷದವರೆಗಿನ ಶಿಕ್ಷೆಗೂ ಚೆಕ್ ಮೊತ್ತದ ಎರಡರಷ್ಟು ದಂಡಕ್ಕೂ ಆಸ್ಪದವಿದೆ. ಆದರೆ ಆ ಕಲಮು ಬೆದರಿಸುವುದು ತನ್ನದೇ ಖಾತೆಯಿಂದ, ತನ್ನದೇ ಹೆಸರಿನಲ್ಲಿ ಚೆಕ್ ಬರೆದ ವ್ಯಕ್ತಿಯನ್ನು. ಕದ್ದ ಚೆಕ್ಕಿಗೆ ಸಹಿ ಹಾಕಿ ಮಾಯವಾದವನನ್ನು ಅದು ಹೆದರಿಸುವುದಿಲ್ಲ.

ಪರದೆಯ ಮೇಲಿನ ಪುರಾವೆ

ಈಗಿನ ವ್ಯವಹಾರಗಳಲ್ಲಿ ಚೆಕ್ಕಿನ ಜಾಗವನ್ನು ಬ್ಯಾಂಕ್ ವರ್ಗಾವಣೆ ಪಡೆದಿದೆ, ಮತ್ತು ದೊಡ್ಡ ಮೊತ್ತಕ್ಕೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲವೆಂದೇ ನನ್ನ ಅಭಿಪ್ರಾಯ. ಆರ್‌ಟಿಜಿಎಸ್‌ನಂಥ ವ್ಯವಸ್ಥೆಯಲ್ಲಿ ಪ್ರತಿ ವರ್ಗಾವಣೆಯೂ ಒಂದೊಂದಾಗಿ, ಆ ಕ್ಷಣದಲ್ಲೇ ಇತ್ಯರ್ಥವಾಗುತ್ತದೆ. ಒಮ್ಮೆ ಇತ್ಯರ್ಥವಾದದ್ದನ್ನು ಕಳುಹಿಸಿದವರು ತಮಗೆ ತೋಚಿದಾಗ ಹಿಂದಕ್ಕೆ ಪಡೆಯಲಾರರು. ಭಾರತದಲ್ಲಿ ಕನಿಷ್ಠ 2 ಲಕ್ಷ ರೂಪಾಯಿಯ ವರ್ಗಾವಣೆಗೆ ಇರುವ ಈ ವ್ಯವಸ್ಥೆ 2020ರ ಡಿಸೆಂಬರ್ 14ರಿಂದ ದಿನದ ಇಪ್ಪತ್ನಾಲ್ಕು ಗಂಟೆಯೂ ಲಭ್ಯವಿದೆ. ಎನ್‌ಇಎಫ್‌ಟಿ 2019ರ ಡಿಸೆಂಬರ್‌ನಿಂದಲೇ ಹಾಗೆ ನಡೆಯುತ್ತಿದೆಯಾದರೂ, ಅದು ಹಲವರ ವರ್ಗಾವಣೆಗಳನ್ನು ಒಟ್ಟುಗೂಡಿಸಿ ಅರ್ಧ ಗಂಟೆಗೊಮ್ಮೆ ಸಾಗಿಸುವಂಥದ್ದು. ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಜಗಳಕ್ಕೂ ಮೋಸಕ್ಕೂ ದಾರಿಯಾಗುತ್ತದೆ: ಕಳುಹಿಸಿದವರ ಖಾತೆಯಿಂದ ಹಣ ಕಡಿತವಾಗಿರುತ್ತದೆ, ಪಡೆಯುವವರ ಖಾತೆಗೆ ಇನ್ನೂ ತಲುಪಿರುವುದಿಲ್ಲ, ನಡುವಿನ ಆ ಅರ್ಧ ಗಂಟೆಯಲ್ಲಿ ‘ಹೋಗಿದೆ ನೋಡಿ ಸರ್’ ಎಂದು ಫೋನು ತೋರಿಸಿ ಕೀಲಿ ಕೇಳುವುದು ನಡೆಯುತ್ತದೆ. ಪ್ರಾಮಾಣಿಕರೂ ಹಾಗೆ ಕೇಳಬಹುದು. ಮೋಸಗಾರನಂತೂ ಕೇಳಿಯೇ ಕೇಳುತ್ತಾನೆ.

ಇನ್ನೊಬ್ಬರ ಫೋನಿನ ಪರದೆ ಯಾವುದಕ್ಕೂ ಪುರಾವೆಯಲ್ಲ. ಪಾವತಿ ಯಶಸ್ವಿ ಎಂದು ಹಸಿರು ಗುರುತಿನೊಂದಿಗೆ ತೋರಿಸುವುದಷ್ಟೇ ಕೆಲಸವಾಗಿರುವ ನಕಲಿ ಆ್ಯಪ್‌ಗಳಿವೆ. ಸ್ಕ್ರೀನ್‌ಶಾಟಿನಲ್ಲಿ ಮೊತ್ತ, ಹೆಸರು, ದಿನಾಂಕ ಬದಲಿಸುವುದು ನಿಮಿಷದ ಕೆಲಸ. ಮುಂದಿನ ದಿನಾಂಕಕ್ಕೆ ನಿಗದಿಪಡಿಸಿದ ವರ್ಗಾವಣೆಯನ್ನು ಈಗಲೇ ಆದದ್ದೆಂದು ತೋರಿಸಿ, ಕಾರು ಸಿಕ್ಕ ಮೇಲೆ ಅದನ್ನು ರದ್ದುಮಾಡುವುದೂ ಸಾಧ್ಯ. ಮಾರುವವರ ಫೋನಿಗೆ ಬರುವ ಎಸ್‌ಎಂಎಸ್ ಕೂಡ ಖಾತರಿಯಲ್ಲ. ಬ್ಯಾಂಕಿನ ಸಂದೇಶದ ಧಾಟಿಯಲ್ಲೇ ಬರೆದ ನಕಲಿ ಸಂದೇಶವನ್ನು ಯಾವುದೋ ಸಂಖ್ಯೆಯಿಂದ ಕಳುಹಿಸಿದರೆ, ಆತುರದಲ್ಲಿರುವವರು ಕಳುಹಿಸಿದವರಾರೆಂದು ನೋಡುವುದೇ ಇಲ್ಲ. ಪ್ರತಿ ವರ್ಗಾವಣೆಗೂ ಸಿಗುವ ಗುರುತಿನ ಸಂಖ್ಯೆ, ಅಂದರೆ ಯುಟಿಆರ್, ಬ್ಯಾಂಕಿನಲ್ಲಿ ವಿಚಾರಿಸಲು ಅನುಕೂಲವೇ ಹೊರತು, ಅದು ಕೈಗೆ ಬಂತೆಂದರೆ ಹಣ ಬಂತೆಂದಲ್ಲ. ಮಾರುವವರು ತಮ್ಮದೇ ಆ್ಯಪ್ ತೆರೆದು, ತಮ್ಮದೇ ಖಾತೆಯ ವಿವರಪಟ್ಟಿಯಲ್ಲಿ ಆ ಜಮೆಯನ್ನೂ, ಕಳುಹಿಸಿದವರ ಹೆಸರನ್ನೂ, ಬಳಕೆಗೆ ಲಭ್ಯವಿರುವ ಶಿಲ್ಕು ಅಷ್ಟರಮಟ್ಟಿಗೆ ಏರಿರುವುದನ್ನೂ ಕಂಡ ಮೇಲಷ್ಟೇ ಕೀಲಿ ಕೊಡಬೇಕು. ಇದಕ್ಕೆ ಬೇಸರಪಡುವ ಗಿರಾಕಿ ಬೇಸರಪಡಲಿ.

ಹಣ ಪಡೆಯುವುದಕ್ಕೆ ಪಿನ್ ಒತ್ತಬೇಕಾಗಿಲ್ಲ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕಾಗಿಲ್ಲ ಎಂಬುದನ್ನು ಎಷ್ಟೋ ಸಲ ಹೇಳಲಾಗಿದೆ. ಆದರೂ ‘ಮುಂಗಡ ಕಳುಹಿಸುತ್ತೇನೆ, ಈ ಕೋಡ್ ಸ್ಕ್ಯಾನ್ ಮಾಡಿ’ ಎಂಬ ಮಾತಿಗೆ ಮರುಳಾಗುವವರು ಇದ್ದೇ ಇದ್ದಾರೆ.

ವರ್ಗಾವಣೆಯ ದಿನದ ಗೊಂದಲ ತಪ್ಪಿಸಲು ಒಂದು ಸರಳ ಕ್ರಮವಿದೆ. ಹೊಸದಾಗಿ ಸೇರಿಸಿದ ಖಾತೆಗೆ ಮೊದಲ ದಿನ ದೊಡ್ಡ ಮೊತ್ತ ಕಳುಹಿಸಲು ಹಲವು ಬ್ಯಾಂಕುಗಳು ಬಿಡುವುದಿಲ್ಲ. ದಿನದ ಮಿತಿಯೂ ಬೇರೆ ಇರುತ್ತದೆ. ಹೀಗಾಗಿ ಕೊಳ್ಳುವವರು ಒಂದೆರಡು ದಿನ ಮೊದಲೇ ಖಾತೆಯನ್ನು ಸೇರಿಸಿಕೊಂಡು, ಚಿಕ್ಕ ಮೊತ್ತವೊಂದನ್ನು ಕಳುಹಿಸಿ, ಅದು ಸರಿಯಾದ ಖಾತೆಗೆ ಬಂದಿದೆಯೆಂದು ಇಬ್ಬರೂ ಖಚಿತಪಡಿಸಿಕೊಂಡರೆ, ಕೊನೆಯ ದಿನ ‘ಮಿತಿ ಮುಗಿಯಿತು, ಉಳಿದದ್ದು ನಾಳೆ’ ಎಂಬ ಸ್ಥಿತಿ ಬರುವುದಿಲ್ಲ. ಆ ಚಿಕ್ಕ ಜಮೆಯೇ ಮಾರುವವರಿಗೆ ಇನ್ನೊಂದು ಮಾಹಿತಿಯನ್ನೂ ಕೊಡುತ್ತದೆ. ದೊಡ್ಡ ಮೊತ್ತ ಯಾರ ಖಾತೆಯಿಂದ ಬರಲಿದೆ ಎಂಬುದು ಮುಂಚಿತವಾಗಿಯೇ ಕಾಣುತ್ತದೆ.

ಯಾರ ಖಾತೆಯಿಂದ?

ಈ ಪ್ರಶ್ನೆಗೆ ಈಚಿನ ವರ್ಷಗಳಲ್ಲಿ ಬಂದಿರುವ ತೂಕ ಮಾರುವವರಿಗೆ ಇನ್ನೂ ಮನವರಿಕೆಯಾದಂತಿಲ್ಲ. ಒಂದು ಜಾಲ ನಡೆಯುವ ರೀತಿಯನ್ನು ನೋಡೋಣ. ಮಾರುವವರು ಹಾಕಿದ ಜಾಹೀರಾತಿನ ಚಿತ್ರಗಳನ್ನೇ ಎತ್ತಿಕೊಂಡು ಮೋಸಗಾರನೊಬ್ಬ ಕಡಿಮೆ ಬೆಲೆಗೆ ತನ್ನದೆಂಬಂತೆ ಬೇರೆಡೆ ಜಾಹೀರಾತು ಹಾಕುತ್ತಾನೆ. ಅದನ್ನು ನೋಡಿ ಕರೆ ಮಾಡಿದ ನಿಜವಾದ ಗಿರಾಕಿಗೆ ‘ಕಾರು ನನ್ನ ಅಣ್ಣನ ಮನೆಯಲ್ಲಿದೆ, ಹೋಗಿ ನೋಡಿ, ಬೆಲೆಯ ಮಾತು ನನ್ನ ಹತ್ತಿರವೇ ಇರಲಿ’ ಎನ್ನುತ್ತಾನೆ. ಇತ್ತ ಮಾರುವವರಿಗೆ ಕರೆ ಮಾಡಿ, ಅವರು ಹೇಳಿದ ಬೆಲೆಗೆ ಚೌಕಾಸಿಯಿಲ್ಲದೆ ಒಪ್ಪಿ, ‘ನನ್ನ ಭಾವಮೈದುನ ಬಂದು ನೋಡುತ್ತಾನೆ, ಅವನಿಗೆ ನಾನು ಸ್ವಲ್ಪ ಬಾಕಿ ಕೊಡಬೇಕು, ದಯವಿಟ್ಟು ಬೆಲೆಯ ವಿಷಯ ಎತ್ತಬೇಡಿ’ ಎನ್ನುತ್ತಾನೆ. ಗಿರಾಕಿ ಬರುತ್ತಾರೆ, ಕಾರು ನೋಡುತ್ತಾರೆ, ಇಷ್ಟವಾಗುತ್ತದೆ, ಹಣವನ್ನು ಮೋಸಗಾರ ಕೊಟ್ಟ ಖಾತೆಗೆ ಹಾಕುತ್ತಾರೆ. ಮಾರುವವರಿಗೆ ಬಿಡಿಗಾಸೂ ಬಂದಿರುವುದಿಲ್ಲ. ಇಬ್ಬರು ಪ್ರಾಮಾಣಿಕರು ಕಾರಿನ ಎರಡು ಬದಿಯಲ್ಲಿ ನಿಂತು ಒಬ್ಬರನ್ನೊಬ್ಬರು ಕಳ್ಳರೆನ್ನುವ ಹೊತ್ತಿಗೆ ಮೂರನೆಯವನ ಫೋನು ಸ್ವಿಚ್ ಆಫ್ ಆಗಿರುತ್ತದೆ. ಇಡೀ ಜಾಲ ನಿಂತಿರುವುದು ಎದುರೆದುರು ನಿಂತ ಇಬ್ಬರು ಬೆಲೆಯ ಬಗ್ಗೆ ಮಾತಾಡದೇ ಇರುವುದರ ಮೇಲೆ. ಕಾರು ನೋಡಲು ಬಂದವರನ್ನು ನೇರವಾಗಿ ‘ನೀವು ಎಷ್ಟಕ್ಕೆ ಕೊಳ್ಳುತ್ತಿದ್ದೀರಿ, ಹಣ ಯಾರಿಗೆ ಕೊಡುತ್ತಿದ್ದೀರಿ?’ ಎಂದು ಕೇಳಿಬಿಟ್ಟರೆ ಅದು ಅಲ್ಲಿಗೇ ಕುಸಿಯುತ್ತದೆ.

ಇದರದೇ ಇನ್ನೊಂದು ರೂಪದಲ್ಲಿ ಮಾರುವವರ ಖಾತೆಗೆ ಪೂರ್ತಿ ಹಣ ಬರುತ್ತದೆ, ಆದರೆ ಬೇರೆಲ್ಲೋ ವಂಚನೆಗೊಳಗಾದವರ ಖಾತೆಯಿಂದ. ಮೋಸಗಾರನಿಗೆ ಕದ್ದ ಹಣವನ್ನು ಕಾರಾಗಿ ಪರಿವರ್ತಿಸುವುದು, ಆ ಕಾರನ್ನು ಮತ್ತೆ ಮಾರಿ ನಗದಾಗಿಸುವುದು ಸುಲಭದ ದಾರಿ. ವಂಚನೆಗೊಳಗಾದವರು ದೂರು ಕೊಟ್ಟಾಗ ಹಣದ ಜಾಡು ಖಾತೆಯಿಂದ ಖಾತೆಗೆ ಸಾಗಿ ಕಾರು ಮಾರಿದವರ ಬಾಗಿಲಿಗೆ ಬರುತ್ತದೆ. ಭಾರತದಲ್ಲಿ 1930 ಸಹಾಯವಾಣಿಗೆ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ಗೆ ದೂರು ಬಂದ ಕೂಡಲೇ ಹಣ ಹೋದ ಖಾತೆಗಳನ್ನು ಗುರುತಿಸಿ ತಡೆಹಿಡಿಯುವ ವ್ಯವಸ್ಥೆ 2021ರಿಂದ ಜಾರಿಯಲ್ಲಿದೆ. ವಂಚನೆಗೊಳಗಾದವರ ದೃಷ್ಟಿಯಿಂದ ಇದು ಅತ್ಯಗತ್ಯ. ಆದರೆ ಸರಪಳಿಯ ಕೊನೆಯಲ್ಲಿರುವ ನಿರಪರಾಧಿಯ ಖಾತೆಯೂ ಅದೇ ಬಲೆಗೆ ಬೀಳಬಹುದು. ಆಮೇಲೆ ಬೇರೊಂದು ಊರಿನ ಠಾಣೆಗೆ ಪತ್ರ ಬರೆದು, ದಾಖಲೆ ಕೊಟ್ಟು, ತಡೆ ತೆಗೆಸಿಕೊಳ್ಳುವ ಹೊಣೆ ಅವರ ಮೇಲೆಯೇ ಬೀಳುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಈಚೆಗೆ ಬಂದಿರುವ ಸುರಕ್ಷತಾ ಕ್ರಮಗಳಲ್ಲಿ ಹೆಚ್ಚಿನವು ಹಣ ಕಳುಹಿಸುವವರ ರಕ್ಷಣೆಗಾಗಿ ರೂಪುಗೊಂಡವು. ಬ್ರಿಟನ್ನಿನಲ್ಲಿ 2020ರಿಂದ, ಭಾರತದ ಆರ್‌ಟಿಜಿಎಸ್ ಮತ್ತು ಎನ್‌ಇಎಫ್‌ಟಿಗಳಲ್ಲಿ ರಿಸರ್ವ್ ಬ್ಯಾಂಕಿನ ಸೂಚನೆಯಂತೆ 2025ರ ಏಪ್ರಿಲ್‌ನಿಂದ, ಯೂರೋ ವಲಯದಲ್ಲಿ 2025ರ ಅಕ್ಟೋಬರ್‌ನಿಂದ ಕಾಣುವ ಹೆಸರು ತಾಳೆನೋಡುವ ಸೌಲಭ್ಯ ಕಳುಹಿಸುವವರಿಗೆ ‘ಈ ಖಾತೆ ಇಂಥವರದು’ ಎಂದು ಹೇಳುತ್ತದೆ. ಪಡೆಯುವವರಿಗೆ ‘ಈ ಹಣ ಇಂಥವರಿಂದ ಬರಲಿದೆ’ ಎಂದು ಮೊದಲೇ ಹೇಳುವುದಿಲ್ಲ. ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 7ರಿಂದ, ಮೋಸಕ್ಕೆ ಮರುಳಾಗಿ ಹಣ ಕಳುಹಿಸಿದವರಿಗೆ 85,000 ಪೌಂಡಿನವರೆಗೆ ಬ್ಯಾಂಕುಗಳೇ ಮರುಪಾವತಿ ಮಾಡಬೇಕು, ಅದರ ಹೊರೆಯನ್ನು ಕಳುಹಿಸಿದ ಮತ್ತು ಪಡೆದ ಬ್ಯಾಂಕುಗಳೆರಡೂ ಸಮನಾಗಿ ಹಂಚಿಕೊಳ್ಳಬೇಕು. ಇದರ ಸಹಜ ಪರಿಣಾಮವಾಗಿ ಹಣ ಪಡೆಯುವ ಖಾತೆಯನ್ನು ಬ್ಯಾಂಕುಗಳು ಹೆಚ್ಚು ಅನುಮಾನದಿಂದ ನೋಡತೊಡಗುತ್ತವೆ. ಯಾವಾಗಲೋ ಒಮ್ಮೆ ಮಾತ್ರ ದೊಡ್ಡ ಮೊತ್ತ ಪಡೆಯುವ ಖಾಸಗಿ ಮಾರಾಟಗಾರರ ಖಾತೆ ಹೊರನೋಟಕ್ಕೆ ಅನುಮಾನಾಸ್ಪದ ಖಾತೆಯಂತೆಯೇ ಕಾಣುತ್ತದೆ. ಅವರು ತಾವು ಮಾರಿದ್ದು ಕಾರನ್ನೇ ಎಂದು ತೋರಿಸಲು ಸಿದ್ಧರಿರಬೇಕಾಗುತ್ತದೆ.

ಆದ್ದರಿಂದ ಕಾರು ಯಾರ ಹೆಸರಿಗೆ ಹೋಗುತ್ತದೋ ಅವರ ಹೆಸರಿನ ಖಾತೆಯಿಂದಲೇ ಹಣ ಬರಬೇಕೆಂಬುದನ್ನು ಷರತ್ತಾಗಿಯೇ ಇಟ್ಟುಕೊಳ್ಳುವುದು ಲೇಸು. ಸ್ನೇಹಿತನ ಖಾತೆ, ಕಂಪನಿಯ ಖಾತೆ, ಮೂರು ಜನರ ಮೂರು ಖಾತೆ ಎಂಬ ವಿವರಣೆಗಳು ನಿಜವಿರಬಹುದು, ಆದರೆ ಅವನ್ನು ಪರೀಕ್ಷಿಸುವ ಸಾಧನ ಮಾರುವವರ ಬಳಿ ಇರುವುದಿಲ್ಲ. ಮಗಳಿಗಾಗಿ ತಂದೆ ಹಣ ಕೊಡುವಂಥ ಸಂದರ್ಭಗಳೂ ಉಂಟು. ಆಗ ತಂದೆಯೂ ಎದುರಿಗಿದ್ದು, ಅವರ ಗುರುತಿನ ಚೀಟಿಯ ಪ್ರತಿ ಕೊಟ್ಟು, ಮಾರಾಟ ಪತ್ರದಲ್ಲಿ ಹಣ ಕೊಟ್ಟವರೆಂದು ಸಹಿ ಹಾಕಲಿ. ಮಾರಾಟ ಪತ್ರದಲ್ಲಿ ಕಾರಿನ ನೋಂದಣಿ, ಚಾಸಿ, ಎಂಜಿನ್ ಸಂಖ್ಯೆಗಳ ಜೊತೆಗೆ ಮೊತ್ತ, ವರ್ಗಾವಣೆಯ ಸಂಖ್ಯೆ, ಕಾರು ಒಪ್ಪಿಸಿದ ದಿನ ಮತ್ತು ಗಂಟೆ ಇರಬೇಕು. ಜಾಹೀರಾತಿನ ಪ್ರತಿಯನ್ನೂ, ಮಾತುಕತೆಯ ಸಂದೇಶಗಳನ್ನೂ ಅಳಿಸದೆ ಇಟ್ಟುಕೊಂಡರೆ, ಮುಂದೆಂದಾದರೂ ಬ್ಯಾಂಕಿನಿಂದ ಪ್ರಶ್ನೆ ಬಂದಾಗ ಉತ್ತರ ಕೊಡಲು ಅವೇ ಸಾಕಾಗುತ್ತವೆ.

ಮುಂಗಡದ ವಿಷಯದಲ್ಲೂ ಇದೇ ಎಚ್ಚರ ಬೇಕು. ಟೋಕನ್ ಹಣ ಬಂದ ಮೇಲೆ ವ್ಯವಹಾರ ಮುರಿದುಬಿದ್ದರೆ ಅದನ್ನು ಬಂದ ಖಾತೆಗೇ ಮರಳಿಸಬೇಕು. ‘ಆ ಖಾತೆ ಈಗ ನಡೆಯುತ್ತಿಲ್ಲ, ಇದಕ್ಕೆ ಹಾಕಿ’ ಎಂದು ಬೇರೊಂದು ಸಂಖ್ಯೆ ಕೊಟ್ಟರೆ ಅಲ್ಲಿಗೆ ಎಚ್ಚೆತ್ತುಕೊಳ್ಳಬೇಕು. ಒಪ್ಪಿದ ಬೆಲೆಗಿಂತ ಹೆಚ್ಚು ಹಣ ಹಾಕಿ, ಹೆಚ್ಚಾದದ್ದನ್ನು ಸಾಗಣೆದಾರನಿಗೋ ಏಜೆಂಟನಿಗೋ ಕಳುಹಿಸಿ ಎನ್ನುವುದಂತೂ ಹಳೆಯ ತಂತ್ರ. ಬಂದದ್ದು ನಕಲಿ ಚೆಕ್ಕು, ಹೋದದ್ದು ಅಸಲಿ ಹಣ.

ನಗದು ಮತ್ತು ಉಳಿದ ದಾರಿಗಳು

ನಗದಿನಲ್ಲಿ ಹಿಂದಕ್ಕೆ ಹೋಗುವ ಪ್ರಶ್ನೆಯೇ ಇಲ್ಲವೆಂದು ಅದನ್ನೇ ಮೆಚ್ಚುವವರಿದ್ದಾರೆ. ಅವರ ತರ್ಕದಲ್ಲಿ ಹುರುಳಿಲ್ಲದಿಲ್ಲ. ಆದರೆ ನಕಲಿ ನೋಟು, ಎಣಿಕೆಯ ಕೈಚಳಕ, ಹಣವಿರುವುದು ಗೊತ್ತಾದ ಮೇಲಿನ ಕಳ್ಳತನದ ಭಯ ಮೂರೂ ನಗದಿನ ಜೊತೆಗೇ ಬರುತ್ತವೆ. ನಗದೇ ಆಗಬೇಕೆಂದಿದ್ದರೆ ಮಾರುವವರ ಬ್ಯಾಂಕ್ ಶಾಖೆಯಲ್ಲೇ ಭೇಟಿಯಾಗಿ, ಹಣವನ್ನು ನೇರವಾಗಿ ಕೌಂಟರಿಗೆ ಕಟ್ಟಿ, ನೋಟುಗಳು ಯಂತ್ರದಲ್ಲಿ ಎಣಿಕೆಯಾಗಿ ರಸೀದಿ ಬಂದ ಮೇಲೆ ಕೀಲಿ ಕೊಡುವುದು ಸರಿಯಾದ ಕ್ರಮ. ಕಾನೂನಿನ ಮಿತಿಗಳನ್ನೂ ಮರೆಯುವಂತಿಲ್ಲ. ಭಾರತದಲ್ಲಿ 2017ರ ಏಪ್ರಿಲ್‌ನಿಂದ ಒಂದು ವ್ಯವಹಾರಕ್ಕೆ ಸಂಬಂಧಿಸಿ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವಂತಿಲ್ಲ. ಎರಡು ದಿನಕ್ಕೆ ಹಂಚಿ ಪಡೆದರೂ ವ್ಯವಹಾರ ಒಂದೇ ಆದ್ದರಿಂದ ಮಿತಿ ದಾಟಿದಂತೆಯೇ. ಅದಕ್ಕೆ ವಿಧಿಸುವ ದಂಡ ಪಡೆದ ಮೊತ್ತದಷ್ಟೇ ಇರಬಹುದು, ಮತ್ತು ಅದನ್ನು ತೆರಬೇಕಾದವರು ಕೊಟ್ಟವರಲ್ಲ, ಪಡೆದವರು.

ಕಾರ್ಡ್ ಮೂಲಕ ಅಥವಾ ಕಾರ್ಡ್ ಜೋಡಿಸಿದ ವಾಲೆಟ್ ಮೂಲಕ ಕಾರಿನ ಹಣ ಪಡೆಯುವುದನ್ನು ನಾನು ಯಾರಿಗೂ ಸೂಚಿಸಲಾರೆ. ಸರಕು ಸರಿಯಿಲ್ಲವೆಂದು ಕಾರ್ಡುದಾರರು ತಕರಾರು ಎತ್ತಿ ಹಣ ಹಿಂದಕ್ಕೆ ಪಡೆಯುವ ಅವಕಾಶ ಹಲವು ಬಗೆಯ ತಕರಾರುಗಳಲ್ಲಿ 120 ದಿನಗಳವರೆಗೆ ಇರುತ್ತದೆ. ಅಂಗಡಿಯವರಿಗೆ ಇದು ವ್ಯಾಪಾರದ ಒಂದು ಖರ್ಚು ಮಾತ್ರ, ಆದರೆ ಒಂದೇ ಕಾರು ಮಾರಿದವರಿಗೆ ಅದು ಸರ್ವನಷ್ಟ.

ಇಬ್ಬರಿಗೂ ಬೇರೆಯಾದ ಮೂರನೆಯ ಸಂಸ್ಥೆ ಹಣವನ್ನು ಹಿಡಿದಿಟ್ಟುಕೊಂಡು, ಕಾರು ಕೈಸೇರಿದ ಮೇಲೆ ಬಿಡುಗಡೆ ಮಾಡುವ ಎಸ್ಕ್ರೋ ಪದ್ಧತಿ ತಾತ್ತ್ವಿಕವಾಗಿ ಒಳ್ಳೆಯದು, ದೂರದ ಊರಿನವರ ನಡುವಿನ ವ್ಯವಹಾರಕ್ಕೆ ಉಪಯುಕ್ತ ಕೂಡ. ಆದರೆ ಆ ಸಂಸ್ಥೆಯನ್ನು ಆರಿಸಬೇಕಾದವರು ಯಾರು ಎಂಬುದೇ ಮುಖ್ಯ. ಎದುರಿನವರು ಕಳುಹಿಸಿದ ಲಿಂಕಿನಲ್ಲಿ ತೆರೆದುಕೊಳ್ಳುವ ಎಸ್ಕ್ರೋ ತಾಣ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅದು ಅವರದೇ ಆಗಿರಬಹುದು. ಪರವಾನಗಿಯನ್ನು ನಿಯಂತ್ರಕರ ಪಟ್ಟಿಯಲ್ಲಿ ತಾವೇ ನೋಡಿಕೊಳ್ಳಲಾಗದಿದ್ದರೆ ಆ ದಾರಿಗೆ ಹೋಗದಿರುವುದೇ ವಾಸಿ.

ಕಾರಿನ ಮೇಲೆ ಸಾಲ ಉಳಿದಿದ್ದಾಗ ಸಾಲ ಕೊಟ್ಟ ಸಂಸ್ಥೆಯ ಶಾಖೆಯಲ್ಲೇ ಎಲ್ಲರೂ ಸೇರಿ, ಬಾಕಿಯನ್ನು ಕೊಳ್ಳುವವರು ನೇರವಾಗಿ ಅಲ್ಲಿಗೆ ಕಟ್ಟಿ, ಉಳಿದದ್ದನ್ನು ಮಾರುವವರಿಗೆ ವರ್ಗಾಯಿಸುವುದು ಎರಡೂ ಕಡೆಯವರಿಗೆ ನೆಮ್ಮದಿ. ಕೊಳ್ಳುವವರು ಸಾಲ ಪಡೆದು ಕೊಳ್ಳುತ್ತಿದ್ದರೆ, ಮಂಜೂರಾತಿ ಪತ್ರ ಹಣವಲ್ಲ ಎಂಬುದಷ್ಟು ನೆನಪಿರಲಿ.

ಕೀಲಿ, ಕಾಗದ, ಹಣ

ಹಣ ಬರುವವರೆಗೆ ಕಾರನ್ನಷ್ಟೇ ಅಲ್ಲ, ಸಹಿ ಮಾಡಿದ ಕಾಗದಗಳನ್ನೂ ಕೊಡಬಾರದು. ಒಡೆತನ ವರ್ಗಾವಣೆಯ ನಮೂನೆಗಳಿಗೆ ಖಾಲಿ ಸಹಿ ಹಾಕಿ ಕೊಡುವ ರೂಢಿಯಂತೂ ಅಪಾಯಕಾರಿ. ಹಾಗೆಂದು ಪೂರ್ತಿ ಹಣ ಬಂದ ಮೇಲೆ ಹೆಸರು ಬದಲಾವಣೆಯನ್ನು ಕೊಳ್ಳುವವರ ಪಾಡಿಗೆ ಬಿಟ್ಟುಬಿಡುವುದೂ ಸಲ್ಲದು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು ಭಾರತದ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆ ಪ್ರಕರಣದಲ್ಲಿ ವಾಹನ ಹಲವು ಕೈ ದಾಟಿದ್ದರೂ ನೋಂದಣಿಯಲ್ಲಿ ಮೊದಲಿನವರ ಹೆಸರೇ ಉಳಿದಿತ್ತು. ಅದೇ ರಾಜ್ಯದೊಳಗಿನ ಮಾರಾಟವನ್ನು 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸುವ ಕರ್ತವ್ಯ ಮಾರುವವರದು. ಪಾವತಿ ಖಚಿತವಾದ ದಿನವೇ ಆ ತಿಳಿವಳಿಕೆ ಕೊಟ್ಟು ಸ್ವೀಕೃತಿ ಇಟ್ಟುಕೊಂಡರೆ, ಹಣದ ಸುರಕ್ಷತೆ ಹೊಣೆಗಾರಿಕೆಯ ಸುರಕ್ಷತೆಯೊಂದಿಗೆ ಸೇರಿಕೊಳ್ಳುತ್ತದೆ. ಭೇಟಿಯನ್ನು ಬ್ಯಾಂಕು ತೆರೆದಿರುವ ವೇಳೆಯಲ್ಲಿ ಇಟ್ಟುಕೊಳ್ಳುವುದು ಇಷ್ಟೆಲ್ಲವನ್ನೂ ಸುಲಭ ಮಾಡುತ್ತದೆ. ರಜೆಯ ಹಿಂದಿನ ಸಂಜೆಯೇ ಕಾರು ಬೇಕೆನ್ನುವ ಅವಸರಕ್ಕೆ ಮಣಿಯಬೇಕಾದ ಕಾರಣವಿಲ್ಲ.

ಇಷ್ಟಾಗಿಯೂ ಮೋಸವಾದರೆ, ಎಷ್ಟು ಬೇಗ ದೂರು ಕೊಟ್ಟರು ಎಂಬುದರ ಮೇಲೆ ಬಹಳಷ್ಟು ನಿಂತಿರುತ್ತದೆ. 1960ರ ಜನವರಿಯಲ್ಲಿ ಇಂಗ್ಲೆಂಡಿನಲ್ಲಿ ತಮ್ಮ ಜಾಗ್ವಾರ್ ಕಾರನ್ನು ಚೆಕ್ಕಿಗೆ ಮಾರಿದವರೊಬ್ಬರು, ಮಾರನೆಯ ದಿನ ಅದು ನಗದಾಗುವುದಿಲ್ಲವೆಂದು ತಿಳಿದ ತಕ್ಷಣ ಪೊಲೀಸರಿಗೂ ಅಲ್ಲಿನ ಆಟೊಮೊಬೈಲ್ ಅಸೋಸಿಯೇಷನ್ನಿಗೂ ದೂರಿತ್ತು ಕಾರು ಹುಡುಕಿಕೊಡುವಂತೆ ಕೇಳಿದರು. ಕೊಂಡವನು ತಲೆಮರೆಸಿಕೊಂಡಿದ್ದರಿಂದ ಅವನಿಗೆ ನೋಟಿಸು ಕೊಡುವ ಮಾತೇ ಇರಲಿಲ್ಲ. ಕಾರು ಆಮೇಲೆ ಕೈಯಿಂದ ಕೈಗೆ ದಾಟಿ ಸದ್ಭಾವನೆಯಿಂದ ಕೊಂಡ ಹಣಕಾಸು ಕಂಪನಿಯೊಂದನ್ನು ತಲುಪಿತ್ತು. ಆದರೂ ದೂರು ಕೊಟ್ಟ ದಿನವೇ ಮಾರಾಟ ರದ್ದಾಗಿತ್ತೆಂದು ಅಪೀಲು ನ್ಯಾಯಾಲಯ ಹೇಳಿತು, ಕಾರು ಮೊದಲಿನವರದೇ ಎಂದಾಯಿತು. ಇಲ್ಲಿ ಮಾರಿದವರು ಕಾರು ಮತ್ತೊಬ್ಬರ ಕೈಗೆ ಹೋಗುವ ಮುನ್ನವೇ ಒಪ್ಪಂದವನ್ನು ತೊರೆದದ್ದು ದಾಖಲಾಗಿತ್ತು. ಆಸ್ಟಿನ್ ಕೂಪರ್ ಮಾರಿದ ವಿದ್ಯಾರ್ಥಿಗೆ ಆ ಅವಕಾಶ ಸಿಕ್ಕಿರಲಿಲ್ಲ. ಆದ್ದರಿಂದ ಅನುಮಾನ ಬಂದ ದಿನವೇ ಪೊಲೀಸರಿಗೆ ಲಿಖಿತ ದೂರು, ಬ್ಯಾಂಕಿಗೆ ಮಾಹಿತಿ, ನೋಂದಣಿ ಪ್ರಾಧಿಕಾರಕ್ಕೆ ಹೆಸರು ಬದಲಿಸದಂತೆ ಆಕ್ಷೇಪಣೆ, ವಿಮಾ ಕಂಪನಿಗೆ ಪತ್ರ ಈ ನಾಲ್ಕನ್ನೂ ಕಳುಹಿಸಿ, ಪ್ರತಿಯೊಂದಕ್ಕೂ ದಿನಾಂಕವಿರುವ ಸ್ವೀಕೃತಿಯನ್ನು ಪಡೆದುಕೊಳ್ಳಬೇಕು.